ಕೆಟ್ಟ ಕಲ್ಯಾಣ, ಕೆಡದ ಕಾಯಕ

ಕಲ್ಯಾಣದ ಕ್ರಾಂತಿಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಅನುಭವ ಮಂಟಪದ ವೈಭವವನ್ನು ವರ್ಣಿಸಿ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಕ್ರಿ.ಶ. 1167-68ರ ಹೊತ್ತಿಗೆ ಶರಣರ ಪಾಲಿಗೆ ಉಳಿದಿದ್ದುದು ವೈಭವವಲ್ಲ, ಸೋಲು. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ನಡೆದ ಮದುವೆಯನ್ನು ಅರಸೊತ್ತಿಗೆ ಸಹಿಸಲಿಲ್ಲ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಬಿಜ್ಜಳನ ಕೊಲೆಯಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಚನ್ನಬಸವಣ್ಣನವರು, ಅಕ್ಕನಾಗಮ್ಮನವರು, ಮಡಿವಾಳ ಮಾಚಿದೇವರು ಮೊದಲಾದವರು ಬೆನ್ನಟ್ಟಿದ ಸೈನ್ಯದೊಡನೆ ಕಾದಾಡುತ್ತ ನಾನೂರು ಕಿಲೋಮೀಟರಿಗೂ ದೂರದ ಉಳವಿಯ ಕಾಡಿನ ಕಡೆ ನಡೆದರು. ಈ ಪಯಣದ ವಿವರಗಳು ನಮಗೆ ದೊರೆಯುವುದು ಶಾಸನಗಳಿಗಿಂತ ಹೆಚ್ಚಾಗಿ ಪುರಾಣಕಾವ್ಯಗಳಿಂದ ಮತ್ತು ಜನರ ಬಾಯಿಂದ. ಆದರೆ ಕಲ್ಯಾಣ ಬರಿದಾಯಿತೆಂಬುದರಲ್ಲಿ ಎರಡು ಮಾತಿಲ್ಲ.

ಶರಣರು ಕಟ್ಟಬೇಕೆಂದಿದ್ದುದು ಒಂದು ಸಮಾಜ. ಕೈಯಲ್ಲಿ ಉಳಿದುದು ಓಲೆಗರಿಯ ಕಟ್ಟುಗಳು. ವಚನಗಳನ್ನು ಮುಂದಿನ ಶತಮಾನಗಳಿಗೆ ಉಳಿಸಬೇಕೆಂಬುದು ಅವರ ಮೊದಲ ಉದ್ದೇಶವಾಗಿರಲಿಕ್ಕಿಲ್ಲ. ದಿನನಿತ್ಯದ ಅನುಭವಗೋಷ್ಠಿಯಲ್ಲಿ ಎದುರಿಗಿದ್ದವರಿಗೆ ಆಡಿದ ಮಾತುಗಳವು. ಗೋಷ್ಠಿಯೇ ಇಲ್ಲವಾದಾಗ ಮಾತನ್ನು ಕಾಯುವುದೇ ಕಾಯಕವಾಯಿತು. ಆ ಕಾಯಕವನ್ನು ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವಿರಕ್ತರು ಕೈಗೆತ್ತಿಕೊಂಡು ವಚನಗಳನ್ನು ಕಲೆಹಾಕಿದರು, ಶೂನ್ಯಸಂಪಾದನೆ ಹುಟ್ಟಿತು. 1923ರಲ್ಲಿ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ ಅಚ್ಚಾಗಿ ಹೊರಬಂದಿತು.

ಆದರೆ ಅಚ್ಚಾದ ವಚನವನ್ನು ಓದುವವರಾರು? ಕಲ್ಯಾಣಕ್ಕೆ ಕೂಗಳತೆಯಲ್ಲಿರುವಂತಹ ಭಾಲ್ಕಿ, ಔರಾದ, ಬೀದರ ಸೀಮೆಯಲ್ಲಿ ಆಗ ಈ ಪ್ರಶ್ನೆ ಅತ್ಯಂತ ಕಟುವಾಗಿತ್ತು. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು, ಶಿಕ್ಷಣದ ಭಾಷೆ ಉರ್ದು; 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆ ಉರ್ದುವಿನಲ್ಲಿಯೇ. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕು. ಮನೆಯಲ್ಲಿ ಕನ್ನಡವಾಡುವ ಮಗು ಅದರ ಅಕ್ಷರವನ್ನೇ ಕಾಣದೆ ಬೆಳೆಯುತ್ತಿತ್ತು.

ಇಂತಹ ನಾಡಿನಲ್ಲಿ ಭಾಲ್ಕಿ ಹಿರೇಮಠದ ಪಟ್ಟವನ್ನೇರಿದವರು ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು. 1890ರಲ್ಲಿ ಕಮಲನಗರದಲ್ಲಿ ಜನಿಸಿದ ಅವರು ಹಾನಗಲ್ಲ ಕುಮಾರ ಶಿವಯೋಗಿಗಳು ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಕಟ್ಟಿದ ಶಿವಯೋಗ ಮಂದಿರದಲ್ಲಿ ಸಾಧನೆ ಮಾಡಿದವರು. ಅಲ್ಲಿ ಕಲಿತವರ ಮುಂದೆ ಒಂದು ರೂಢಿಯ ದಾರಿಯಿತ್ತು: ಪೂಜೆ, ಶಾಸ್ತ್ರಾಧ್ಯಯನ, ಪ್ರವಚನ, ಭಕ್ತರ ಮನೆಗಳಿಗೆ ಚಿತ್ತೈಸುವುದು. ಆ ದಾರಿಯಲ್ಲಿ ನಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಕೇಳುವವರಿಗೆ ಅಕ್ಷರವೇ ತಿಳಿಯದಲ್ಲಿ ಪ್ರವಚನ ಕಿವಿಯವರೆಗೆ ಮಾತ್ರ. ಪೂಜ್ಯರು ಶಾಲೆಯ ಕೆಲಸಕ್ಕಿಳಿದರು. ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ದೊರೆತ ಜೋಳ, ದೊರೆತ ಕಾಸು ಮಕ್ಕಳ ಊಟಕ್ಕೂ ಪಾಠಕ್ಕೂ ಸಂದಿತು. 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ತಲೆಯೆತ್ತಿತು.

ಈ ಭಾಗದ ಹಿರಿಯರು ಮತ್ತೆ ಮತ್ತೆ ನೆನೆಯುವ ಸಂಗತಿಯೊಂದಿದೆ. ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಇದನ್ನು ಚಾತುರ್ಯವೆಂದು ಹೊಗಳುವುದು ಸುಲಭ. ಆದರೆ ಸತ್ಯದ ನುಡಿಯನ್ನು ಆಚಾರದ ಮೊದಲ ಮೆಟ್ಟಿಲಾಗಿಸಿಕೊಂಡ ಪರಂಪರೆಯ ಪೀಠಾಧಿಪತಿಗಳು ಬಾಗಿಲಲ್ಲೊಂದು, ಒಳಗೊಂದು ಎಂಬಂತೆ ನಡೆದುಕೊಳ್ಳುವುದು ಸುಲಭವಾಗಿತ್ತೇ? ಬಾಗಿಲಿನ ಬರಹ ಆಳುವವರು ಬೇಡಿದ ಸ್ಥಾವರ. ಒಳಗೆ ಮಗುವಿನ ನಾಲಗೆಯ ಮೇಲೆ ಮೂಡುತ್ತಿದ್ದ ಅಕ್ಷರ ಜಂಗಮ. ಎರಡರಲ್ಲಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೊಡಲಾಗದು ಎಂಬ ವಿವೇಕವನ್ನು ಪೂಜ್ಯರು ವಚನಗಳಿಂದಲೇ ಪಡೆದಿರಬೇಕು. ಇಲ್ಲಿ ಉರ್ದುವಿನ ಮೇಲಿನ ದ್ವೇಷವನ್ನು ಹುಡುಕುವುದು ತಪ್ಪಾದೀತು. ಬೀದರ ಸೀಮೆಯಲ್ಲಿ ಉರ್ದು ಎಷ್ಟೋ ಮನೆಗಳ ಮಾತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಶಾಲೆಯ ‘ಹಮ್‌ದರ್ದ್’ ಎಂಬ ಹೆಸರು ಕೂಡ ಉರ್ದುವಿನದೇ. ವಿರೋಧವಿದ್ದುದು ತಾಯ್ನುಡಿಗೆ ಬಾಗಿಲು ಮುಚ್ಚಿದ ವ್ಯವಸ್ಥೆಗೆ.

ಮುಂದಿನ ವರ್ಷಗಳು ಇನ್ನೂ ಕಠಿಣವಾದವು. 1948ರ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಇಡೀ ಸೀಮೆಯನ್ನು ನಡುಗಿಸಿತು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಇನ್ನೇನು ಎಲ್ಲ ನೆಟ್ಟಗಾಯಿತೆನ್ನುವಷ್ಟರಲ್ಲಿ 1956ರ ನವೆಂಬರ್ 1 ಬಂದಿತು. ಏಕೀಕರಣದ ಹಬ್ಬದ ದಿನವೇ ಹಳೆಯ ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಉಳಿದುದು ಮೈಸೂರು ರಾಜ್ಯಕ್ಕೆ. ಒಂದೇ ಜಿಲ್ಲೆಯ ಭಕ್ತರು, ಬೀಗರು ಮೂರು ರಾಜ್ಯಗಳವರಾದರು. ಸಾವಿರಾರು ಮನೆಗಳು ಹೊಸ ಗಡಿಯ ಆಚೆ ಉಳಿದವು. ಕನ್ನಡಕ್ಕಾಗಿ ದುಡಿದವರಿಗೆ ಇದು ಗೆಲುವೂ ಹೌದು, ಗಾಯವೂ ಹೌದು. ನಾಡಿನ ಇತರ ಭಾಗಗಳಲ್ಲಿ ಏಕೀಕರಣದ ಕಥೆ ಹೇಳುವಾಗ ಈ ಗಾಯದ ಮಾತು ಬರುವುದು ಅಪರೂಪ.

ಪೂಜ್ಯರ ಬದುಕನ್ನು ಬರಿಯ ಯಶಸ್ಸಿನ ಸಾಲಾಗಿ ಹೇಳುವುದು ವಾಡಿಕೆ. ಹಾಗೆ ಹೇಳಿದರೆ ಅವರ ಸಾಧನೆ ಚಿಕ್ಕದಾಗುತ್ತದೆ. ಪ್ರವಚನದ ದಾರಿ ಸಾಲದಾದಾಗ ಶಾಲೆ ಬಂದಿತು; ಬಹಿರಂಗವಾಗಿ ಕಲಿಸಲಾಗದಿದ್ದಾಗ ಉರ್ದು ಫಲಕ ಬಂದಿತು. ತಡೆಯೊಂದು ಎದುರಾದಾಗಲೆಲ್ಲ ಅವರು ಮಾಡಬೇಕಾದ ಕೆಲಸ ಇನ್ನಷ್ಟು ಸ್ಪಷ್ಟವಾಗುತ್ತ ಹೋಯಿತು. ಕಲ್ಯಾಣವನ್ನು ತೊರೆದ ಶರಣರಿಗೂ ಆದದ್ದು ಇದೇ. ನೆಲ ಹೋದ ಮೇಲೆ ಅವರಿಗೆ ನುಡಿಯ ಬೆಲೆ ಕಂಡಿತು.

ಗಡಿ ಗುರುತಾದ ಆ 1956ರಲ್ಲಿಯೇ ಕಲ್ಯಾಣಿ ಎಂಬ ಊರು ಬಸವಕಲ್ಯಾಣವೆಂಬ ಹೆಸರು ಪಡೆಯಿತು. ಎಂಟು ಶತಮಾನಗಳ ಹಿಂದೆ ಶರಣರು ಬಿಟ್ಟುಹೋದ ಆ ಊರಿನಲ್ಲಿ ಅನುಭವ ಮಂಟಪವನ್ನು ಮತ್ತೆ ಕಟ್ಟುವ ಕಾರ್ಯಕ್ಕೂ ಚನ್ನಬಸವ ಪಟ್ಟದ್ದೇವರೇ ಮುಂದಾದರು. ಅದಕ್ಕೂ ಭಕ್ತರ ಕಾಣಿಕೆಯೇ ಆಧಾರವಾಯಿತು. ಮಂಟಪ ಎದ್ದು ನಿಂತುದನ್ನು ಅವರು ಕಣ್ಣಾರೆ ಕಂಡರು. ಶತಾಯುಷಿಗಳಾಗಿ ಬಾಳಿ 1999ರ ಏಪ್ರಿಲ್ 22ರಂದು ಲಿಂಗೈಕ್ಯರಾದರು. ಅಷ್ಟರಲ್ಲಿ ಉರ್ದು ಫಲಕದ ಹಿಂದೆ ಅಕ್ಷರ ಕಲಿತ ಮಕ್ಕಳ ಮೊಮ್ಮಕ್ಕಳು ಕನ್ನಡ ಶಾಲೆಯ ಬೆಂಚುಗಳಲ್ಲಿ ಕುಳಿತಿದ್ದರು.