ಪ್ರಜಾಭಿಪ್ರಾಯ, ಶರಾವತಿ–ತುಂಗಾ ಮಲೆನಾಡಿನಲ್ಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನ ಆಳ್ವಿಕೆಯ ಬಗ್ಗೆ, ತಮ್ಮ ಬದುಕಿನ ಸ್ಥಿತಿಗತಿಯ ಬಗ್ಗೆ ಆಳುವವರಿಗೆ ಮಾತು ಮುಟ್ಟಿಸಿದ ಬಗೆಗಳ ಇತಿಹಾಸ. ಇದು ಒಂಟಿಮನೆಗಳ ಸೀಮೆ. ಅರಳಸುರಳಿಯ ಕಡೆಯ ಊರುಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಗದ್ದೆ ಬಯಲನ್ನೋ ಅಡಿಕೆ ತೋಟವನ್ನೋ ದಾಟಬೇಕು. ಹೀಗೆ ಚದುರಿ ಬಾಳುವವರು ಒಂದೆಡೆ ಸೇರಿದರೆಂದರೆ, ಬಾಯಿ ತೆರೆಯುವ ಮೊದಲೇ ಅರ್ಧ ಮಾತು ಆಡಿದಂತೆ.

ಆಳ್ವಿಕೆಯನ್ನು ಅಳೆಯಲು ಇಲ್ಲಿನ ರೈತರಿಗೆ ಮೊದಲಿಗೆ ದೊರೆತ ಮಾನದಂಡ ಕೆಳದಿಯ ಶಿವಪ್ಪನಾಯಕ (ಆಳ್ವಿಕೆ 1645–1660) ಗೊತ್ತುಮಾಡಿದ ಭೂಕಂದಾಯ, ಅಂದರೆ ‘ಶಿಸ್ತು’. ಭೂಮಿಯ ಗುಣ ನೋಡಿ ಕಟ್ಟಿದ ಈ ದರ ಎಷ್ಟು ಬೇರೂರಿತ್ತೆಂದರೆ, 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದು ಅದಕ್ಕೆ ‘ನಗರ’ ಎಂಬ ಹೆಸರು ಬಂದ ಮೇಲೂ, 1801ರಲ್ಲಿ ಈ ದಾರಿಯಾಗಿ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್‌ನಿಗೆ ಜನ ಶಿವಪ್ಪನಾಯಕನ ಲೆಕ್ಕವನ್ನೇ ಹೇಳಿದರು. ಆಮೇಲಿನ ಏರಿಕೆಗಳೆಲ್ಲ ಆ ಲೆಕ್ಕದ ಮೇಲೆ ಹೇರಿದ ಹೊರೆಯಾಗಿ ಕಂಡವು.

ಈ ಅಸಮಾಧಾನ ಒಡೆದದ್ದು 1830ರಲ್ಲಿ. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರರಿಂದ ಮೊದಲೇ ಕರಾರು ಮಾಡಿಸಿಕೊಳ್ಳುವ ‘ಶರತ್ತು’ ಪದ್ಧತಿ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬಳಕೆಗೆ ಬಂದಿತ್ತು. ಒಪ್ಪಿದ ಮೊತ್ತವನ್ನು ಹೇಗಾದರೂ ತುಂಬಿಸುವುದಷ್ಟೇ ಅಮಲ್ದಾರನ ಕೆಲಸವಾಯಿತು. ರೈತರು ಕೂಟ ಕಟ್ಟಿದರು, ಕಂದಾಯ ನಿಲ್ಲಿಸಿದರು, ಊರಿಂದ ಊರಿಗೆ ಓಲೆ ಕಳಿಸಿದರು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸಪ್ಪನನ್ನು ಮುಂದಿಟ್ಟುಕೊಂಡರು; ಇದಕ್ಕೆ ‘ನಗರ ದಂಗೆ’ ಎಂಬ ಹೆಸರು ನಿಂತಿತು. ಕೂಟಗಳ ದೃಷ್ಟಿಯಿಂದ ನೋಡಿದರೆ ಅದು ಮೊದಲಿಗೆ ದೂರೇ ಹೊರತು ದಂಗೆಯಲ್ಲ. ಫಲ ಮಾತ್ರ ವಿಚಿತ್ರ. 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆತ್ತಿಕೊಂಡರು. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ 1833ರಲ್ಲಿ ದಂಗೆಯ ಕಾರಣಗಳನ್ನು ವರದಿಯಾಗಿ ಬರೆಯಿತು. ರೈತರು ಕೇಳಿದ್ದು ಕಂದಾಯದ ಇಳಿಕೆ. ಹೋದದ್ದು ಅರಸರ ಅಧಿಕಾರ, ಅದೂ ಐವತ್ತು ವರ್ಷ.

ಅಧಿಕಾರ ಮರಳಿದ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಸೇರಿದ ಮೊದಲ ಸಭೆಗೆ ಬಂದ 144 ಮಂದಿ ಜಮೀನುದಾರರು ಮತ್ತು ವರ್ತಕರು. ಅವರು ಅಹವಾಲು ಹೇಳಬಹುದಿತ್ತು, ತೀರ್ಮಾನಿಸುವಂತಿರಲಿಲ್ಲ. ಮಲೆನಾಡಿನ ಗೇಣಿದಾರನ ಮಾತು ಅಲ್ಲಿಗೆ ತಲುಪಬೇಕಾದರೆ ಜಮೀನಿನ ಒಡೆಯನ ಬಾಯಿಂದಲೇ ತಲುಪಬೇಕಿತ್ತು!

ಗೇಣಿದಾರನೇ ಮಾತಾಡಿದ್ದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, 1951ರ ಏಪ್ರಿಲ್‌ನಲ್ಲಿ. ಜಗಳದ ಮೂಲ ಒಂದು ಕೊಳಗ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಂಘಟಿತರಾದ ದೀವ ಸಮುದಾಯದ ಗೇಣಿದಾರರು ಸರಿಯಾದ ಅಳತೆ ಕೇಳಿದರು, ಕೊಟ್ಟ ಗೇಣಿಗೆ ರಸೀದಿ ಕೇಳಿದರು. ಗದ್ದೆ ಬಿಡಿಸಿದಾಗ ನೇಗಿಲು ಹೊತ್ತು ಅದೇ ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಅದರ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧಿತರಾದರು. ಮರುವರ್ಷ, ತೀರ್ಥಹಳ್ಳಿಯ ಆರಗದಲ್ಲಿ ಬೆಳೆದ, ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರನ್ನು ಸಾಗರ–ಹೊಸನಗರದ ಮತದಾರರು ವಿಧಾನಸಭೆಗೆ ಕಳಿಸಿದರು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯ ಹೊತ್ತಿಗೆ, ಗೇಣಿ ನೆಲದ ಹಕ್ಕು ಕೋರುವ ಏಳನೇ ನಂಬರಿನ ಫಾರಂ ಆಗಿ ಜನರ ಕೈಗೆ ಬಂತು. ಆ ಫಾರಂ ತುಂಬಿ ‘ಡಿಕ್ಲರೇಷನ್ ಹಾಕಿದವರು’ ಎಂದರೆ ಯಾರೆಂದು ಇಲ್ಲಿನ ಹಿರಿಯರಿಗೆ ಇಂದಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಫಾರಂ ಮುಟ್ಟದ ಜನವೂ ಇದ್ದರು. ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿ 1964ರಲ್ಲಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಊರುಗಳನ್ನು ಮುಳುಗಿಸಿತು. ಎತ್ತಂಗಡಿಯಾದವರಲ್ಲಿ ಅನೇಕರಿಗೆ ತೋರಿಸಿದ ನೆಲ ಕಾಗದದ ಮೇಲೆ ಕಾಡಾಗಿಯೇ ಉಳಿಯಿತು. ನಾಡಿಗೆ ಬೆಳಕು ಕೊಟ್ಟು ತಾವು ಕತ್ತಲಲ್ಲಿ ಕೂತೆವೆಂಬ ಮಾತು ಹಿನ್ನೀರಿನ ಊರುಗಳಲ್ಲಿ ಸವೆದ ನಾಣ್ಯದಂತಾಗಿದೆ, ಆದರೂ ಚಲಾವಣೆ ನಿಂತಿಲ್ಲ.

ಇಂಥ ಮಾತುಗಳನ್ನು ಮನೆಮನೆಗೆ ಹೋಗಿ ಎಣಿಸುವ ವಿದ್ಯೆ ಬೇರೆ. ಆಫ್ರಿಕಾದಲ್ಲಿ 1999ರಲ್ಲಿ ಶುರುವಾದ ಆಫ್ರೊಬ್ಯಾರೋಮೀಟರ್ ಎಂಬ ಜನಾಭಿಪ್ರಾಯ ಸಮೀಕ್ಷೆ ಮೊದಲ ಸುತ್ತಿನಲ್ಲಿ 12 ದೇಶಗಳಲ್ಲಿ ಜನರನ್ನು ಅವರದೇ ಭಾಷೆಯಲ್ಲಿ ಮಾತಾಡಿಸಿತು. ಸಾಮಾನ್ಯವಾಗಿ ಅದು ಮಾತಾಡಿಸುವುದು ದೇಶಕ್ಕೆ 1,200 ಅಥವಾ 2,400 ಮಂದಿಯನ್ನು. ಸರ್ಕಾರ ಹೇಗಿದೆ ಎಂಬುದರ ಜೊತೆಗೆ, ಕಳೆದ ವರ್ಷ ಊಟಕ್ಕೆ, ನೀರಿಗೆ, ಔಷಧಿಗೆ, ಒಲೆಯ ಉರುವಲಿಗೆ, ಕೈಕಾಸಿಗೆ ಎಷ್ಟು ಸಲ ತತ್ವಾರವಾಯಿತು ಎಂದೂ ಅದು ಕೇಳುತ್ತದೆ. ಕೊಳಗದ ಪ್ರಶ್ನೆಗೆ ಇದು ದೂರದ ನೆಂಟ. ಭಾರತದಲ್ಲಿ ಇಂಥ ಕೆಲಸವನ್ನು ದೆಹಲಿಯ ಸಿಎಸ್‌ಡಿಎಸ್ ಎಂಬ ಸಂಶೋಧನಾ ಸಂಸ್ಥೆ ಮಾಡುತ್ತ ಬಂದಿದೆ. ಆದರೆ ರಾಜ್ಯಮಟ್ಟದ ಶೇಕಡಾವಾರಿನಲ್ಲಿ ಒಂದು ಹೋಬಳಿಯ ದನಿ ಕೇಳಿಸುವುದಿಲ್ಲ.

ಹೋಬಳಿಗಿಂತ ಕೆಳಗಿನ ದನಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕೊಟ್ಟಿತು. ಕೋರಂ ಇಲ್ಲದೆ ಮುಂದೂಡುವುದೂ, ಅಧಿಕಾರಿ ಬಂದಿಲ್ಲವೆಂದು ಜನ ಸಭೆ ಬಹಿಷ್ಕರಿಸುವುದೂ ಅದರ ಚರಿತ್ರೆಯೊಳಗೇ ಸೇರಿವೆ. ಚುನಾವಣೆ ಹತ್ತಿರ ಬಂದಾಗ ಊರ ಬಾಗಿಲಲ್ಲಿ ಮತದಾನ ಬಹಿಷ್ಕಾರದ ಬ್ಯಾನರ್ ಕಟ್ಟುವುದು ಈಚಿನ ರೂಢಿ; ರಸ್ತೆ, ಕಾಲುಸಂಕಗಳ ಬೇಡಿಕೆಗೆ ಮೊಬೈಲ್ ನೆಟ್‌ವರ್ಕ್ ಹೊಸದಾಗಿ ಸೇರಿದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚಿನಲ್ಲಿ ಹೊಳೆ ದಾಟುತ್ತ ದಶಕಗಳ ಕಾಲ ಕೇಳಿದ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಮುಳುಗಡೆಯವರ ಹಕ್ಕುಪತ್ರದ ಬೇಡಿಕೆ ಅದಕ್ಕಿಂತ ಹಳೆಯದು.