ಸೀತಾಳೆ ದಂಡೆ

ದಂಡೆ ಎಂದರೆ ಮುಡಿಯುವ ಹೂಮಾಲೆ. ಕೊಲ್ಲೂರು, ಕೊಡಚಾದ್ರಿ ಕಡೆಯ ಕಾಡುಮರಗಳಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಜೋತಾಡುವ, ಬಿಳಿಯ ಮೇಲೆ ನಸುನೇರಳೆ ಚುಕ್ಕೆಯ ಆರ್ಕಿಡ್ ಗೊಂಚಲು ಕಟ್ಟಿಟ್ಟ ದಂಡೆಯ ಹಾಗೇ ಇರುತ್ತದೆ. ವನವಾಸದಲ್ಲಿ ಸೀತೆ ಮುಡಿದದ್ದು ಇದನ್ನೇ ಎನ್ನುತ್ತಾರೆ. ಅಸ್ಸಾಮಿನಲ್ಲೂ ಇದು ಮುಡಿಯುವ ಹೂವೇ. ಬಿಹು ಕುಣಿತಕ್ಕೆ ಬೇಕೇ ಬೇಕು. ಆರ್ಕಿಡ್ ಎಂಬ ಹೆಸರಿಗೆ ಗ್ರೀಕರು ಮಾತ್ರ ಹೂ ಬಿಟ್ಟು ಬುಡ ನೋಡಿದರು! ‘ಆರ್ಕಿಸ್’ ಅಂದರೆ ವೃಷಣ, ಜೋಡಿಗೆಡ್ಡೆಯ ಆಕಾರದಿಂದ ಬಂದ ಹೆಸರು. ನಮ್ಮದೇ ವಾಸಿ.

ಆರ್ಕಿಡ್‌ಗಳ ವೇಷವೈವಿಧ್ಯವೆಲ್ಲ ಮುಖ್ಯವಾಗಿ ಒಂದು ದಳದ್ದು. ಮೂರರಲ್ಲಿ ಒಂದು ‘ತುಟಿ’ಯಾಗಿ ಮಾರ್ಪಡುತ್ತದೆ. ಪಶ್ಚಿಮಘಟ್ಟದ ಕಾಟೋನಿಯಾದಲ್ಲಿ ಆ ತುಟಿ ಥೇಟ್ ಜೇನ್ನೊಣ. ಹಬೆನೇರಿಯಾದಲ್ಲಿ ಅದರ ಬುಡ ನೀಳ ಕೊಳವೆ, ತಳದ ಮಕರಂದ ಉದ್ದ ಸೊಂಡಿಲಿನ ಪತಂಗಕ್ಕೇ ಮೀಸಲು.