16 ಹಲ್ಲು, 45 ಹಲ್ಲು

ಮನೆಯಲ್ಲಿ ಸೈಕಲ್ ಇದ್ದರೆ ಒಮ್ಮೆ ಅದರ ಪಕ್ಕ ಕೂತು ಹಲ್ಲು ಎಣಿಸಿ ನೋಡಿ. ಪೆಡಲ್ ಹತ್ತಿರದ ಹಲ್ಲುಚಕ್ರ ಸಾಮಾನ್ಯವಾಗಿ ದೊಡ್ಡದು, ಹಿಂದಿನದು ಚಿಕ್ಕದು. ಮೋಟಾರ್‌ಸೈಕಲ್‌ನಲ್ಲಿ ಇದು ಉಲ್ಟಾ. ಕಾಲು ನಿಧಾನವಾಗಿ ತುಳಿಯುತ್ತೆ, ಹಾಗಾಗಿ ಸೈಕಲ್ ವೇಗವನ್ನು ಹೆಚ್ಚಿಸಿಕೊಳ್ಳಬೇಕು. ಎಂಜಿನ್ ಹುಚ್ಚು ವೇಗದಲ್ಲಿ ತಿರುಗುತ್ತೆ, ಅದನ್ನು ಇಳಿಸಿ, ಬಲ ಹೆಚ್ಚಿಸಿ, ಹಿಂದಿನ ಚಕ್ರಕ್ಕೆ ಕೊಡಬೇಕು. ನನ್ನ ಹಳೆಯ ಯಮಹಾ ಆರ್6ನಲ್ಲಿ ಮುಂದಿನ ಸ್ಪ್ರಾಕೆಟ್‌ಗೆ 16 ಹಲ್ಲು, ಹಿಂದಿನದಕ್ಕೆ 45. ಭಾಗಿಸಿದರೆ 2.81. ಅಂದರೆ ಹಿಂದಿನ ಚಕ್ರ ಒಂದು ಸುತ್ತು ಹಾಕಲು ಮುಂದಿನ ಸ್ಪ್ರಾಕೆಟ್ ಮೂರು ಸುತ್ತಿಗೆ ಸ್ವಲ್ಪ ಕಮ್ಮಿ ತಿರುಗಬೇಕು.

ಸಿಯಾಟಲ್ ಪಕ್ಕದ ಕೆಂಟ್‌ನಲ್ಲಿ ಗ್ಯಾರೇಜಿನ ನೆಲದ ಮೇಲೆ ಕೂತು ನಾನು ಆ 16ನ್ನು ತೆಗೆದು 15 ಹಾಕಿದೆ. ಅಷ್ಟೇ, ಒಂದು ಹಲ್ಲು. ವಿಡಿಯೋ ಕಾಲ್‌ನಲ್ಲಿ ಮೈಸೂರಿನಿಂದ ನೋಡುತ್ತಿದ್ದ ಅಪ್ಪ ಹಲ್ಲಿನ ವಿಷಯ ಕೇಳಲೇ ಇಲ್ಲ. "ಚೈನು ಹೀಗೆ ಹೊರಗೇ ಬಿಟ್ಟಿದಾರಲ್ಲ, ಧೂಳು ಮೆತ್ಕೊಳಲ್ವಾ?" ಅಂದರು.

ಅಪ್ಪ ಓಡಿಸಿದ್ದು ಯೆಜ್ಡಿ. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಚೈನಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಇವತ್ತು ನಾವು ನೋಡುವ ರೋಲರ್ ಚೈನಿಗೆ ಹ್ಯಾನ್ಸ್ ರೆನಾಲ್ಡ್ ಎಂಬಾತ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1880ರಲ್ಲಿ. ಐದು ವರ್ಷದಲ್ಲಿ ಸೈಕಲ್‌ಗಳು ಹಿಂದಿನ ಚಕ್ರಕ್ಕೆ ಚೈನು ಹಾಕಿಕೊಂಡು ಈಗಿನ ಆಕಾರಕ್ಕೆ ಬಂದವು. ಮೋಟಾರ್‌ಸೈಕಲ್ ಮಾತ್ರ ತಡ ಮಾಡಿತು. ಶುರುವಿನ ಬಹಳಷ್ಟು ಬೈಕುಗಳಿಗೆ ಇದ್ದದ್ದು ಬೆಲ್ಟು, ಹಿಟ್ಟಿನ ಗಿರಣಿಯಲ್ಲಿ ಇರ್ತಿತ್ತಲ್ಲ, ಹಾಗೆ. ಬೆಲ್ಟು ಮೆತ್ತಗೆ ಎಳೆಯುತ್ತೆ, ಸದ್ದಿಲ್ಲ. ಆದರೆ ಮಳೆ ಬಿದ್ದರೆ ಜಾರುತ್ತೆ, ಏರು ಬಂದರೆ ಇನ್ನೂ ಜಾರುತ್ತೆ.

ಆ ಏರು ಬಂದದ್ದು 1911ರಲ್ಲಿ. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸನ್ನು ಆ ವರ್ಷ ಸ್ನೇಫೆಲ್ ಬೆಟ್ಟ ಹತ್ತಿ ಇಳಿಯುವ ಹೊಸ ದಾರಿಗೆ ಬದಲಿಸಿದರು. ಒಂದೇ ಗೇರು, ಒಂದು ಬೆಲ್ಟು ಇಟ್ಟುಕೊಂಡು ಆ ಬೆಟ್ಟ ಹತ್ತುವುದು ಕಷ್ಟ. ಸೀನಿಯರ್ ರೇಸಿನ ಮೊದಲ ಮೂರೂ ಸ್ಥಾನ ಇಂಡಿಯನ್ ಬೈಕುಗಳ ಪಾಲಾಯಿತು. (ಹೆಮ್ಮೆ ಪಡಬೇಡಿ, ಇದು ನಮ್ಮ ದೇಶದ್ದಲ್ಲ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಕಂಪನಿ.) ಅವುಗಳಲ್ಲಿ ಎರಡು ಗೇರಿನ ಪೆಟ್ಟಿಗೆ ಇತ್ತು, ಚೈನು ಇತ್ತು. ಬೆಲ್ಟು ಅವತ್ತೇ ಸಾಯಲಿಲ್ಲ, 1914ರಲ್ಲೂ ಬೆಲ್ಟಿನ ರಡ್ಜ್ ಬೈಕೊಂದು ಅದೇ ರೇಸ್ ಗೆದ್ದಿತು. ಆದರೂ ದಾರಿ ಯಾವ ಕಡೆ ಅನ್ನೋದು ಗೊತ್ತಾಗಿಹೋಗಿತ್ತು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಶುರು ಮಾಡಿದ್ದು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1961ರಿಂದ ಜಾವಾ, 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿ ಗೇರ್ ಹಾಕುವ ಆ ಜಾಣತನ ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಇಷ್ಟ ಚೈನಿನ ಕವಚ. ಎಂಜಿನ್‌ನಿಂದ ಹಿಂದಿನ ಚಕ್ರದವರೆಗೆ ಚೈನು ಪೂರ್ತಿ ಮುಚ್ಚಿದ ಗೂಡಿನೊಳಗೆ ಓಡುತ್ತಿತ್ತು. ಕೆಮ್ಮಣ್ಣಿನ ರಸ್ತೆ, ಮಳೆಗಾಲದ ಕೆಸರು, ಹಿಂದೆ ಕೂತವರ ಸೀರೆಯ ಸೆರಗು, ಯಾವುದೂ ಚೈನಿಗೆ ತಾಗುತ್ತಿರಲಿಲ್ಲ. ಅಪ್ಪ ಇಷ್ಟು ವರ್ಷ ಓಡಿಸಿದರೂ ಸ್ಪ್ರಾಕೆಟ್ ನೋಡಿದ್ದು ಮೆಕ್ಯಾನಿಕ್ ಕವಚ ಬಿಚ್ಚಿದಾಗ ಮಾತ್ರ. ಹಲ್ಲು ಎಷ್ಟಿರಬೇಕು ಅನ್ನೋದನ್ನು ಕಾರ್ಖಾನೆ ನಿರ್ಧರಿಸಿ, ಮುಚ್ಚಿ ಕೊಟ್ಟಿತ್ತು.

ರೇಸಿನವರಿಗೆ ಇದು ಆಗಿಬರಲ್ಲ. ಅವರಿಗೆ ಊರಿಗೊಂದು ಲೆಕ್ಕ. ಮದ್ರಾಸಿನ ಹತ್ತಿರದ ಶೋಲಾವರಂ ಹಳೆಯ ವಿಮಾನ ಓಡುದಾರಿ, ಅಂಥ ನೇರ ದಾರಿಗೆ ಉದ್ದ ಗೇರಿಂಗ್ ಬೇಕು, ಅಂದರೆ ಹಿಂದೆ ಕಮ್ಮಿ ಹಲ್ಲು. ಇಲ್ಲೂ ಹಾಗೇ. ಕೆಂಟ್‌ನ ಪೆಸಿಫಿಕ್ ರೇಸ್‌ವೇಸ್ 1960ರಿಂದ ಇದೆ, ಸುತ್ತು 2.25 ಮೈಲಿ, ಅದರಲ್ಲಿ ಡ್ರ್ಯಾಗ್ ರೇಸಿನ ಪಟ್ಟಿಯೇ ಒಂದು ಉದ್ದ ನೇರದಾರಿ. ಶೆಲ್ಟನ್ ಊರಿನ ದ ರಿಡ್ಜ್ ಟ್ರ್ಯಾಕ್‌ನಲ್ಲಿ 16 ತಿರುವು, ಏರಿಳಿತ ಬೇರೆ. ಒಂದರಲ್ಲಿ ಸರಿಯಾದ ಹಲ್ಲು ಇನ್ನೊಂದರಲ್ಲಿ ಸರಿಯಾಗಲಿಕ್ಕಿಲ್ಲ. ಶನಿವಾರ ರಾತ್ರಿ ಅರ್ಧ ಗಂಟೆಯಲ್ಲಿ ಬದಲಿಸಬೇಕಾದ ವಸ್ತುವನ್ನು ಯಾರು ಗೂಡಿನೊಳಗೆ ಇಡ್ತಾರೆ? ಸ್ಪೋರ್ಟ್ಸ್ ಬೈಕ್ ತನ್ನ ಚೈನನ್ನು ಬಯಲಿಗೆ ಬಿಟ್ಟುಕೊಂಡಿರೋದಕ್ಕೆ ತೂಕ ಒಂದು ಕಾರಣ, ಇದು ಇನ್ನೊಂದು.

ಇನ್ನು ನನ್ನ ಒಂದು ಹಲ್ಲಿನ ಫಲ. 45ನ್ನು 15ರಿಂದ ಭಾಗಿಸಿದರೆ ಸರಿಯಾಗಿ 3. ಮುಂದೆ ಒಂದು ಹಲ್ಲು ಕಳೆಯೋದೂ ಒಂದೇ, ಹಿಂದೆ ಮೂರು ಕೂಡಿಸಿ 48 ಮಾಡೋದೂ ಒಂದೇ. ಪ್ರತಿ ಗೇರಿನಲ್ಲೂ ಎಳೆತ ಸುಮಾರು 6.7 ಶೇಕಡಾ ಹೆಚ್ಚಾಯಿತು. ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚಲಿಲ್ಲ, ಅದೇ ವೇಗಕ್ಕೆ ಅದು ಅಷ್ಟೇ ಜಾಸ್ತಿ ತಿರುಗಬೇಕಾಯಿತು. ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನು ಹೆಚ್ಚು ಬಾಗುವುದರಿಂದ ಸವೆತವೂ ಸ್ವಲ್ಪ ಹೆಚ್ಚು.

ನನಗೆ ಮಾತ್ರ ಭಾರಿ ಖುಷಿ. ಮೊದಲ ದಿನ ಐ-5 ಹೆದ್ದಾರಿಯಲ್ಲಿ ಮೀಟರ್ ಬೇಗ ಬೇಗ ಮೇಲೇರಿತು. ವಾರಗಟ್ಟಲೆ ಸ್ನೇಹಿತರ ಮುಂದೆ ಕೊಚ್ಚಿಕೊಂಡೆ. ಆಮೇಲೆ ಒಂದು ದಿನ ಫೋನಿನ ಜಿಪಿಎಸ್ ನೋಡಿದರೆ, ಮೀಟರ್ ಮೊದಲಿಗಿಂತ ಬಹಳ ಮುಂದೆ ಓಡ್ತಾ ಇದೆ. ಕಾರಣ ಸರಳ. ಈ ಬೈಕಿನಲ್ಲಿ ವೇಗ ಅಳೆಯುವ ಸೆನ್ಸರ್ ಚಕ್ರದಲ್ಲಿಲ್ಲ, ಗೇರ್‌ಬಾಕ್ಸ್‌ನಲ್ಲಿದೆ. ಮುಂದೆ 16 ಹಲ್ಲು ಇದೆ ಅಂತಲೇ ಅದು ನಂಬಿಕೊಂಡಿದೆ. ಮೊದಲು 60 ತೋರಿಸುತ್ತಿದ್ದ ವೇಗಕ್ಕೆ ಈಗ 64 ತೋರಿಸುತ್ತೆ. ಹೊಟ್ಟೆಪಾಡಿಗೆ ದಿನವಿಡೀ ಅಂಕಿಅಂಶ ನೋಡುವವಳು ನಾನು, ಅಳತೆಗೋಲನ್ನೇ ಬದಲಿಸಿ ಫಲಿತಾಂಶ ಸುಧಾರಿಸಿತು ಅಂದುಕೊಂಡಿದ್ದೆ!

ವೇಗಕ್ಕಿಂತ ದೂರದ ಲೆಕ್ಕ ಮುಖ್ಯ, ಯಾಕಂದ್ರೆ ಅದರಲ್ಲಿ ಬೇರೆಯವರ ದುಡ್ಡಿದೆ. 15,000 ಮೈಲಿ ಎಣಿಸಬೇಕಾದ ಮೀಟರ್ ಈಗ 16,000 ಎಣಿಸುತ್ತೆ. ಯಾರಾದರೂ ಗೇರಿಂಗ್ ಉದ್ದ ಮಾಡಿಸಿದ್ದರೆ ತಪ್ಪು ಇನ್ನೊಂದು ಕಡೆಗೆ, ಓಡಿದ್ದಕ್ಕಿಂತ ಕಮ್ಮಿ ತೋರಿಸುತ್ತೆ, ಪೊಲೀಸರ ಕೈಗೆ ಸಿಕ್ಕಿಸುತ್ತೆ. ಲೆಕ್ಕ ಸರಿಪಡಿಸುವ ಸಣ್ಣ ಎಲೆಕ್ಟ್ರಾನಿಕ್ ಡಬ್ಬಿ ಸಿಗುತ್ತೆ, ಹಾಕಿಸಿಕೊಳ್ಳುವವರು ಎಷ್ಟೋ. ಹಾಗಾಗಿ ಹಳೆಯ ಸ್ಪೋರ್ಟ್ಸ್ ಬೈಕ್ ಕೊಳ್ಳೋಕೆ ಹೋದಾಗ ಮೀಟರ್ ನೋಡುವ ಮೊದಲು ಕೆಳಗೆ ಬಗ್ಗಿ ಹಲ್ಲು ಎಣಿಸಿ. ಚೈನು ಬಯಲಲ್ಲೇ ಇದೆ, ಹಿಂದಿನದು ಕಣ್ಣಿಗೇ ಕಾಣುತ್ತೆ. ಮುಂದಿನದಕ್ಕೆ ನಾಲ್ಕು ಬೋಲ್ಟು ಬಿಚ್ಚಬೇಕಾಗಬಹುದು, ನಾಚಿಕೆ ಬಿಟ್ಟು ಕೇಳಿ.

ನಾನು ಆ ಬೈಕನ್ನು ಮಾರುವಾಗ 16ರ ಹಳೆಯ ಸ್ಪ್ರಾಕೆಟ್ಟನ್ನೂ ರಟ್ಟಿನ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಡಬ್ಬಿಯ ಮೇಲೆ ಮೀಟರ್ ಎಷ್ಟಿದ್ದಾಗ ಬದಲಿಸಿದ್ದು ಅಂತ ಬರೆದಿದ್ದೆ.